ವನಜಳ ಪಾಲಿನ ನೀರು

ನನ್ನ ಮಗಳು ವನಜಳ ಕಾಲ್ಚೈನನ್ನು ಇಕ್ಕಳದಿಂದ ಕತ್ತರಿಸಿ ತೆಗೆದದ್ದು ಆಷಾಢದ ಒಂದು ಮಂಗಳವಾರ. ಎಡಗಾಲಿನದು ಹೇಗೋ ಬಿಚ್ಚಿಕೊಂಡಿತು. ಬಲಗಾಲಿನದರ ಕೊಂಡಿ ಊದಿದ ಮಾಂಸದೊಳಗೆ ಹೂತುಹೋಗಿ ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ನನ್ನ ಹೆಂಡತಿ ಹಾಲಮ್ಮ ಕಾಲು ಹಿಡಿದುಕೊಂಡಳು, ನಾನು ಇಕ್ಕಳ ಹಾಕಿದೆ. "ನಿಧಾನ ಅಪ್ಪಾ, ಬೆಳ್ಳಿ ಹಾಳಾಗ್ತೈತೆ" ಎಂದಳೇ ಹೊರತು ನೋವು ಎನ್ನಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ. ಹೊಲಿಗೆ ಯಂತ್ರದ ಮುಂದೆ ಕೂತಳೆಂದರೆ ದಿನಕ್ಕೆ ನಾಲ್ಕು ರವಿಕೆ ಹೊಲಿದು ಏಳುತ್ತಿದ್ದಳು. ಆ ತಿಂಗಳು ಮಾತ್ರ ಒಂದು ರವಿಕೆ ಮುಗಿಯುವುದರೊಳಗೆ ಮೂರು ಸಲ ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದಳು. ಚೈನು ತೆಗೆದ ಜಾಗದಲ್ಲಿ ಬೆರಳಿಟ್ಟು ಒತ್ತಿದೆ. ಕಲಸಿದ ಹಿಟ್ಟಿಗೆ ಒತ್ತಿದಂತೆ ಗುಳಿ ಬಿತ್ತು. ಬಹಳ ಹೊತ್ತಿನ ತನಕ ಆ ಗುಳಿ ತುಂಬಿಕೊಳ್ಳಲಿಲ್ಲ.

ನಾನು ನಮ್ಮೂರಿನ ನೀರಗಂಟಿ. ಬೇರೆ ಕಡೆ ನೀರಗಂಟಿ ಎಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ನಮ್ಮೂರಿನಲ್ಲಿ ಮನುಷ್ಯರಿಗೆ ನೀರು ಬಿಡುವವನು. ನಮ್ಮೂರವರಿಗೆ ಬಾಯಾರುವುದಿಲ್ಲ. ಕೆರೆ ಎಂದೂ ಬತ್ತಿದ್ದಿಲ್ಲ, ಬಾವಿಗಳಲ್ಲಿ ಬಗ್ಗಿ ಕೈಯಿಂದ ಮೊಗೆಯುವಷ್ಟು ನೀರು. ಆದರೆ ಕುಡಿಯಬೇಕು ಎಂದು ನಮ್ಮ ಗಂಟಲು ಒಂದು ದಿನವೂ ನಮ್ಮನ್ನು ಕೇಳಿದ್ದಿಲ್ಲ. ಆದ್ದರಿಂದ ಹಿಂದಿನವರು ಅಳತೆ ಕಟ್ಟಿಟ್ಟಿದ್ದರು. ದಿನಕ್ಕೆ ಆರು ಸಲ ಗಂಟೆ, ಆರು ಚೊಂಬು. ಎಲ್ಲರ ಮನೆಯ ಚೊಂಬೂ ಒಂದೇ ಗಾತ್ರದ್ದು. ಗಂಟೆಯಾದರೆ ಕ್ಷೌರಿಕ ಕತ್ತಿ ಕೆಳಗಿಡುತ್ತಾನೆ, ಗಲ್ಲಕ್ಕೆ ಸೋಪು ಮೆತ್ತಿಕೊಂಡವನೂ ಅವನೂ ಕೂತು ಕುಡಿಯುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಗಂಟೆಯಾದರೆ ಪುರೋಹಿತರು ಮಂತ್ರ ನಿಲ್ಲಿಸುತ್ತಾರೆ. ಹೆಣ ಹೊತ್ತವರು ಚಟ್ಟ ಇಳಿಸಿ ಕುಡಿದು ಮತ್ತೆ ಹೆಗಲು ಕೊಡುತ್ತಾರೆ. ದಾರಿಯಲ್ಲಿ ಎದುರಾದವರು ಊಟ ಆಯ್ತಾ ಎಂದು ಕೇಳುವುದಿಲ್ಲ, "ಎಷ್ಟನೇದು?" ಎನ್ನುತ್ತಾರೆ. "ನಾಲ್ಕನೇದು ಆಯ್ತು" ಎಂದರೆ ಹೊತ್ತು ಎಷ್ಟಾಯಿತು ಎಂಬುದೂ ತಿಳಿಯುತ್ತದೆ, ಮನುಷ್ಯ ನೆಟ್ಟಗಿದ್ದಾನೆ ಎಂಬುದೂ ತಿಳಿಯುತ್ತದೆ. ಗಂಡ ಹೆಂಡಿರು ಮುನಿಸಿಕೊಂಡರೆ ಒಬ್ಬರು ಚೊಂಬನ್ನು ದೂರ ಸರಿಸುತ್ತಾರೆ. ಅದಕ್ಕಿಂತ ದೊಡ್ಡ ಬೆದರಿಕೆ ನಮ್ಮಲ್ಲಿಲ್ಲ. ದಾಹ ಎಂಬ ಮಾತನ್ನು ನಾವು ಅಧಿಕಾರಕ್ಕೆ, ಆಸ್ತಿಗೆ ಮಾತ್ರ ಬಳಸುತ್ತಿದ್ದೆವು.

ಗಂಟೆ ಹೊಡೆದು, ಕೊಡ ಹೊತ್ತು, ಮೂಡಣ ಕೇರಿಗಳಲ್ಲಿ ಮನೆಮನೆ ಸುತ್ತಿ, ಮರೆಯುವ ಮುದುಕರಿಗೆ, ಜ್ವರದವರಿಗೆ, ಬಾಣಂತಿಯರಿಗೆ ನಿಂತು ಕುಡಿಸಿ ಬರುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಮಾಡಿದ್ದೆ. ನನ್ನ ಕೇರಿಯಲ್ಲಿ ಒಬ್ಬರೂ ಒಣಗಿ ಸತ್ತಿರಲಿಲ್ಲ.

ಹಾಲಮ್ಮ ಮಾತ್ರ ಒಣಗಿದವರನ್ನು ನೋಡಿದ್ದಳು. ಅವಳಿಗೆ ಹತ್ತು ವರ್ಷವಾಗಿದ್ದಾಗ ಅವಳ ತವರಿನ ಪಡುವಣ ಕೇರಿಯ ಗಂಟೆಯ ನಾಲಿಗೆ ಕಳಚಿಬಿದ್ದಿತ್ತು. ಸುಗ್ಗಿಯ ಕಾಲ, ಕಮ್ಮಾರ ಊರಲ್ಲಿರಲಿಲ್ಲ. ಮೂರು ದಿನ ತಾನೆ, ನೆನಪಿಟ್ಟುಕೊಂಡು ಕುಡಿದರಾಯಿತು ಎಂದು ಎಲ್ಲರೂ ಅಂದುಕೊಂಡರು. ಕಣದಲ್ಲಿ ಕೆಲಸ ಮಾಡುತ್ತ ಮಾಡುತ್ತ ಹನ್ನೊಂದು ಜನ ಹೋದರು. ಅವಳ ತಾಯಿ, ಅವಳ ಪುಟ್ಟ ತಂಗಿ ಇಬ್ಬರೂ ತುಂಬಿದ ಗಡಿಗೆಯ ಪಕ್ಕದಲ್ಲೇ ಮಲಗಿದ್ದರಂತೆ. ಇವಳು ಕಳ್ಳತನದಿಂದ ಹೊಲದ ಕಲ್ಲಂಗಡಿ ತಿಂದುಕೊಂಡಿದ್ದರಿಂದ ಉಳಿದಳು. ಮದುವೆಯಾಗಿ ಬಂದ ಮೇಲೂ ಎಷ್ಟೋ ಸಲ ಒಣಗಿದೆಯೇನೋ ಎಂದು ನನ್ನ ತುಟಿ ಮುಟ್ಟಿ ನೋಡುತ್ತಿದ್ದಳು.

ಊರಿನ ಆಸ್ಪತ್ರೆಗೆ ಆಗಷ್ಟೇ ಗುಣಪಾಲ ಎಂಬ ಡಾಕ್ಟರು ಬಂದಿದ್ದರು, ಹೊರಗಿನವರು. ಇನ್ನೂ ಸಣ್ಣ ವಯಸ್ಸು, ಮೇಜಿನ ಮೇಲೆ ಯಾವಾಗಲೂ ಒಂದು ಬಾಟಲಿ ನೀರು. ಮಾತಿನ ನಡುವೆ ಗಂಟೆಯ ಹಂಗಿಲ್ಲದೆ ಎತ್ತಿ ಕುಡಿಯುತ್ತಿದ್ದರು. ನಮ್ಮ ಜನ ಅದನ್ನು ನೋಡಲೆಂದೇ ತಲೆನೋವಿನ ನೆಪ ಮಾಡಿಕೊಂಡು ಹೋಗುತ್ತಿದ್ದರು. ಅವರು ವನಜಳ ಎದೆಗೆ, ಬೆನ್ನಿಗೆ ಕೊಳವೆಯಿಟ್ಟು ಕೇಳಿದರು. ಹೃದಯ ಸೋತಿದೆ, ಮೈಗೆ ಸೇರಿದ ನೀರನ್ನು ಹೊರಗೆ ಕಳಿಸುವ ತ್ರಾಣ ಅದಕ್ಕಿಲ್ಲ, ನೀರು ಮೈಯಲ್ಲೇ ನಿಲ್ಲುತ್ತಿದೆ ಎಂದರು. ಉಚ್ಚೆ ಹೋಗುವ ಮಾತ್ರೆ ಕೊಟ್ಟರು. ಚೀಟಿಯ ಕೆಳಗೆ 'ನೀರು ಮಿತವಾಗಿ, ಬಾಯಾರಿದಾಗ ಮಾತ್ರ' ಎಂದು ಬರೆದರು.

ನಾನು ಚೀಟಿ ಹಿಡಿದುಕೊಂಡು ನಿಂತೇ ಇದ್ದೆ. "ಸ್ವಾಮಿ, ಇದು ನಮಗೆ ಆಗೋದಲ್ಲ" ಎಂದೆ.

"ಯಾವುದು?"

"ಬಾಯಾರೋದು."

ಅವರಿಗೆ ನಂಬಿಕೆಯಾಗಲಿಲ್ಲ. ವನಜಳ ಕಡೆ ನೋಡಿ, "ಬಿಸಿಲಲ್ಲಿ ನಡೆದು ಬಂದಾಗ ಗಂಟಲು ಒಣಗಿದ ಹಾಗೆ ಆಗೋದಿಲ್ವೇನಮ್ಮ?" ಎಂದು ಕೇಳಿದರು. ಅವಳು ನಗುತ್ತ, "ಅದು ಹೆಂಗಿರ್ತೈತೆ ಸಾರ್? ನೋಯ್ತೈತಾ?" ಎಂದು ತಿರುಗಿ ಕೇಳಿದಳು. ಡಾಕ್ಟರು ಹೇಳಲು ಹೋಗಿ ನಿಲ್ಲಿಸಿದರು. ಬಾಟಲಿಯ ಕಡೆ ನೋಡಿದರು. ಆಮೇಲೆ ಚೀಟಿಯ ಕೊನೆಯ ಸಾಲನ್ನು ಹೊಡೆದುಹಾಕಿ, "ಮೂರು ಚೊಂಬು. ಇದು ನನ್ನ ಅಂದಾಜು, ಅಷ್ಟೆ. ಬೇರೆಯವರಾದರೆ ಮೈಯೇ ಹೇಳುತ್ತಿತ್ತು. ಇವಳಿಗೆ ತಕ್ಕಡಿಯೇ ಹೇಳಬೇಕು" ಎಂದರು. ಆಸ್ಪತ್ರೆಯಲ್ಲಿ ಎರಡು ತೂಕದ ಯಂತ್ರಗಳಿದ್ದವು. ಮೇಲೆ ಹತ್ತಿ ನಿಂತರೆ ಮುಳ್ಳು ತಿರುಗುವಂಥವು. ಒಂದನ್ನು ನನ್ನ ತಲೆಯ ಮೇಲೆ ಹೊರಿಸಿ ಕಳಿಸಿದರು. ದಿನಾ ಬೆಳಿಗ್ಗೆ ಎದ್ದ ಕೂಡಲೇ ತೂಗಬೇಕು. ತೂಕ ಏರುತ್ತ ಹೋದರೆ ನೀರು ಇಳಿಸಬೇಕು, ತೀರ ಇಳಿದರೆ ಏರಿಸಬೇಕು.

"ತೀರ ಅಂದ್ರೆ ಎಷ್ಟು ಸ್ವಾಮಿ?" ಎಂದು ಕೇಳಿದ್ದೆ. "ಊತವೆಲ್ಲ ಹೋದಮೇಲೂ ಇಳಿದರೆ" ಎಂದಿದ್ದರು.

ಮೂರು ಚೊಂಬು ಎಂಬ ಮಾತು ಕೇಳಿ ಹಾಲಮ್ಮ ಒಲೆಯ ಮುಂದೆಯೇ ಕುಸಿದು ಕೂತಳು. "ಅರ್ಧಕ್ಕೆ ಅರ್ಧ ಕಿತ್ಕೋತೀಯಾ? ನನ್ನ ಮಗಳನ್ನ ಒಣಗಿಸಿ ಹಾಕ್ತೀಯಾ?" ಎಂದಳು. ನಾನು ಸಾವಧಾನವಾಗಿ ಎಲ್ಲ ಹೇಳಿದೆ. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಗಡಿಗೆಯ ಮೇಲಿತ್ತು.

ಊರ ಯಜಮಾನ ಪಂಪಾಪತಿಗೆ ಹೇಳದೆ ಮಾಡುವ ಹಾಗಿರಲಿಲ್ಲ. ಅವರ ಮನೆಯ ಪಡಸಾಲೆಯಲ್ಲಿ ನಿಂತು ವಿಷಯ ಒಪ್ಪಿಸಿದೆ. ವಯಸ್ಸಾದ ಮನುಷ್ಯ, ಕೆಟ್ಟವರಲ್ಲ. ಮೀಸೆ ಸವರಿಕೊಂಡು, "ನೀರಗಂಟಿ ಮನೇಲೇ ನೀರು ತಪ್ತು ಅಂದ್ರೆ ನಾಳೆ ಹುಡುಗ್ರು ನಮಗೂ ಬ್ಯಾಡ ಅಂತಾರೆ. ಯಾರ ಬಾಯಿಗೆ ಅಂತ ಹೋಗಿ ಸುರೀತೀಯ?" ಎಂದರು. ಆಮೇಲೆ ದನಿ ಇಳಿಸಿ, "ಖಾಲಿ ಚೊಂಬಾದ್ರೂ ಎತ್ಲಿ. ಮೂರು ಸಲ ನೀರಿಂದು, ಮೂರು ಸಲ ಖಾಲೀದು. ನೋಡಿದೋರಿಗೆ ಆರು ಕಂಡ್ರೆ ಸಾಕು" ಎಂದರು.

ಹಾಗೇ ಆಯಿತು. ಗಂಟೆಯಾದಾಗ ವನಜ ಜಗಲಿಗೆ ಬಂದು ಎಲ್ಲರ ಎದುರು ಖಾಲಿ ಚೊಂಬನ್ನು ತುಟಿಗಿಟ್ಟು, ತಲೆ ಹಿಂದಕ್ಕೆ ಚಾಚಿ, ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದಳು. ಕೊನೆಗೆ ಸೆರಗಿನಿಂದ ಬಾಯಿ ಬೇರೆ ಒರೆಸಿಕೊಳ್ಳುವಳು. ಒಳಗೆ ಬಂದು ನನ್ನನ್ನು ನೋಡಿ ನಗುವಳು. ಎದುರು ಮನೆಯವರಿಗೆ ಒಂದು ದಿನವೂ ಅನುಮಾನ ಬರಲಿಲ್ಲ.

ಆದರೆ ತೂಕ ಇಳಿಯಲಿಲ್ಲ. ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು, ಮುಳ್ಳು ಐವತ್ತೆಂಟರಲ್ಲೇ ನಿಂತಿತ್ತು, ಆಗಾಗ ಐವತ್ತೊಂಬತ್ತನ್ನು ಮುಟ್ಟುತ್ತಿತ್ತು. ಕಾಲು ಹಾಗೇ ಇತ್ತು, ರಾತ್ರಿ ಎರಡು ದಿಂಬು ಕೊಟ್ಟು ಒರಗಿಸಿದರೇ ನಿದ್ದೆ. ಡಾಕ್ಟರಿಗೆ ಆಶ್ಚರ್ಯವಾಯಿತು. ಮೂರೇ ತಾನೆ ಕೊಡುತ್ತಿರುವುದು ಎಂದು ಎರಡೆರಡು ಸಲ ಕೇಳಿದರು. ನಾನು ನನ್ನ ಕೈಯಿಂದಲೇ ಅಳೆದು ಕೊಡುತ್ತಿದ್ದೇನೆ ಎಂದೆ. ಅದು ನಿಜವಾಗಿತ್ತು. ಹಾಗಾದರೆ ಎರಡು ಮಾಡಿ ಎಂದರು.

ಮುಂದಿನದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೂ ನಡೆದ ಜಾಗದಲ್ಲೇ ಹೇಳಿಬಿಡುತ್ತೇನೆ. ನಾನು ಕೊಡ ಹೊತ್ತು ಕೇರಿ ಸುತ್ತಲು ಹೋದಾಗ ಹಾಲಮ್ಮ ಮಗಳಿಗೆ ನೀರು ಕೊಡುತ್ತಿದ್ದಳು. ಮೊದಲ ದಿನದಿಂದಲೂ ಕೊಡುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಕೂರಿಸಿಕೊಂಡು, "ಅಪ್ಪಗೆ ಹೇಳಬ್ಯಾಡ, ಅವ್ರು ಡಾಕ್ಟರ ಮಾತು ಕಟ್ಕೊಂಡಾರೆ" ಎಂದು ತಲೆ ನೇವರಿಸಿ ಕುಡಿಸುತ್ತಿದ್ದಳು. ನಾನು ಮೂರರಿಂದ ಎರಡಕ್ಕೆ ಇಳಿಸಿದಾಗ ಅವಳು ಮತ್ತಷ್ಟು ಹೆದರಿದಳು. ಆದರೆ ಮಗಳ ಕಾಲನ್ನು ದಿನಾ ಎಣ್ಣೆ ಹಚ್ಚಿ ತಿಕ್ಕುವವಳು ಅವಳೇ ಆದ್ದರಿಂದ, ಊತ ಕಂಡರೆ ಕಡಿಮೆ ಕೊಡುತ್ತಿದ್ದಳು, ಮುಖ ಬಾಡಿದಂತೆ ಕಂಡರೆ ಹೆಚ್ಚು ಕೊಡುತ್ತಿದ್ದಳು. ನನ್ನ ಎರಡು ಚೊಂಬು, ಅವಳದೊಂದಿಷ್ಟು. ಆ ಹುಡುಗಿ ಇಬ್ಬರು ಕೊಟ್ಟಿದ್ದನ್ನೂ ಮಾತಿಲ್ಲದೆ ಕುಡಿದಳು. ಬೇಕು ಬೇಡ ಎನ್ನಲು ಅವಳ ಗಂಟಲಿಗೆ ತಿಳಿಯದು. ಇಬ್ಬರಲ್ಲಿ ಒಬ್ಬರನ್ನೂ ನೋಯಿಸಲು ಅವಳಿಗೆ ಮನಸ್ಸಿರಲಿಲ್ಲ.

ಎರಡು ಮಾಡಿದ ಮೇಲೆ, ದೀಪಾವಳಿಯ ಹೊತ್ತಿಗೆ, ಮುಳ್ಳು ಇಳಿಯತೊಡಗಿತು. ಐವತ್ತೇಳು, ಐವತ್ತೈದು, ಐವತ್ತಮೂರೂವರೆ. ಪುಷ್ಯದ ಕೊನೆಗೆ ವನಜ ಒಂದೇ ದಿಂಬಿನಲ್ಲಿ ಮಲಗಿದಳು. ಒಂದು ದಿನ ನಾನು ಸುತ್ತು ಮುಗಿಸಿ ಬಂದಾಗ ಹೊಲಿಗೆ ಯಂತ್ರದ ಸದ್ದು ಬೀದಿಯ ತುದಿಗೇ ಕೇಳಿಸಿತು. ಕತ್ತರಿಸಿದ ಕಾಲ್ಚೈನಿಗೆ ಅಕ್ಕಸಾಲಿಗನಿಂದ ಬೆಸುಗೆ ಹಾಕಿಸಿ ತಂದೆ. ಅವಳು ಕಾಲು ಚಾಚಿ ತಾನೇ ಕೊಂಡಿ ಸಿಕ್ಕಿಸಿಕೊಂಡು, ಚೈನು ಹಿಮ್ಮಡಿಯ ಮೇಲೆ ಸಡಿಲವಾಗಿ ಜೋತಾಡುವುದನ್ನು ನೋಡಿ, "ಈಗ ಒಂದು ಕೊಂಡಿ ಕಮ್ಮಿ ಮಾಡ್ಸೋದಿತ್ತು ಅಪ್ಪಾ" ಎಂದಳು. ನಾನು ನೀರಗಂಟಿಯಾಗಿ ಅಷ್ಟು ವರ್ಷದಲ್ಲಿ ಆ ಎರಡು ತಿಂಗಳಿನಷ್ಟು ಸುಖವಾಗಿ ಎಂದೂ ಇದ್ದಿಲ್ಲ. ಎರಡು ಚೊಂಬಿನಲ್ಲಿ ಮಗಳನ್ನು ಉಳಿಸಿಕೊಂಡೆ ಎಂದುಕೊಂಡಿದ್ದೆ. ಡಾಕ್ಟರೂ ಹಾಗೇ ಅಂದುಕೊಂಡಿದ್ದರು.

ಚೈತ್ರದಲ್ಲಿ ಹಾಲಮ್ಮನ ಅಣ್ಣನ ಮಗಳ ಮದುವೆ ಬಂತು. ಅಣ್ಣ ಬಹಳ ಹಿಂದೆ ಊರು ಬಿಟ್ಟು, ಬಸ್ಸಿನಲ್ಲಿ ಒಂದು ದಿನದ ದಾರಿಯ ಪಟ್ಟಣದಲ್ಲಿ ನೆಲೆಸಿದ್ದ. ಅಲ್ಲಿ ಗಂಟೆಯಿಲ್ಲ, ದಿನಕ್ಕೆ ಆರು ಸಲ ಅಲಾರಂ ಇಟ್ಟುಕೊಂಡು ಬದುಕಿದ್ದ. ವನಜಳಿಗೆ ಅಷ್ಟು ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದರು. ಹಾಲಮ್ಮ ತಾನೂ ಹೋಗುವುದಿಲ್ಲವೆಂದು ಹಟ ಹಿಡಿದಳು.

"ಇರೋನು ಒಬ್ಬ ಅಣ್ಣ. ಹೋಗಿ ಬಾ" ಎಂದೆ. "ನಾನಿದೀನಲ್ಲ."

"ನೀನಿದೀಯ" ಎಂದಳು. ಬೇರೇನೋ ಹೇಳುವವಳಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ನಾನು ಅಂದು ಇನ್ನೊಂದು ಗಳಿಗೆ ಅಲ್ಲಿ ನಿಂತಿದ್ದರೆ ಹೇಳುತ್ತಿದ್ದಳೋ ಏನೋ. ಮೂರನೇ ನೀರಿನ ಹೊತ್ತಾಗಿತ್ತು, ಕೊಡ ಎತ್ತಿಕೊಂಡು ಹೊರಟುಬಿಟ್ಟೆ. ಅವಳು ಮಗಳಿಗೆ ಹೇಳಿ ಹೋಗಿದ್ದಳು. ಅಡುಗೆಮನೆಯ ಸಣ್ಣ ಗಡಿಗೆ ತುಂಬಿ, ಮೇಲೆ ತಟ್ಟೆ ಮುಚ್ಚಿ, "ನಾನು ಕೊಡ್ತಿದ್ದಂಗೆ ಮಧ್ಯಾಹ್ನ ಮಧ್ಯಾಹ್ನ ನೀನೇ ಕುಡಿ. ಮರೀಬ್ಯಾಡ" ಎಂದು ಹೇಳಿಯೇ ಬಸ್ಸು ಹತ್ತಿದ್ದಳು.

ಆ ನಾಲ್ಕು ದಿನ ಬಿಸಿಲು ಹಂಚಿನ ಮೇಲೆ ಕಾಳು ಹುರಿಯುವಂತಿತ್ತು. ಮೊದಲ ಬೆಳಿಗ್ಗೆ ವನಜ ಯಂತ್ರದ ಮೇಲೆ ಹತ್ತಿ ನಿಂತಾಗ ಐವತ್ತಮೂರು. ಎರಡನೇ ಬೆಳಿಗ್ಗೆ ಐವತ್ತೊಂದೂಮುಕ್ಕಾಲು. "ಅಪ್ಪಾ, ಇವತ್ತೂ ಇಳಿದೈತೆ" ಎಂದಳು. ನಾನು ಮುಳ್ಳನ್ನು ಬಗ್ಗಿ ನೋಡಿ, ನಿನ್ನ ಕಾಯಿಲೆ ಹೊರಟುಹೋಗ್ತಾ ಇದೆ ಮಗಳೇ ಎಂದು ಅವಳ ಬೆನ್ನು ತಟ್ಟಿದೆ. ಮೂರನೇ ಬೆಳಿಗ್ಗೆ ಐವತ್ತೂವರೆ. ಊತವೆಲ್ಲ ಹೋದಮೇಲೂ ಇಳಿದರೆ ಎಂದು ಡಾಕ್ಟರು ಹೇಳಿದ್ದು ನನಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಆದರೆ ಎರಡು ಚೊಂಬಿನಲ್ಲೇ ತಾನೆ ಎರಡು ತಿಂಗಳು ನೆಟ್ಟಗಿದ್ದಳು, ಈಗ ನೀರೇನೂ ಕಡಿಮೆ ಮಾಡಿಲ್ಲವಲ್ಲ, ಇದು ಒಳಗೆ ಉಳಿದಿದ್ದ ಹಳೆಯ ಊತವೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಹಾಲಮ್ಮ ಬಂದಾಗ ಐವತ್ತು ತೋರಿಸಬೇಕು ಎಂಬ ಆಸೆಯೂ ಇತ್ತು. ವನಜ ಮಾತ್ರೆಯನ್ನು ಒಂದೂ ತಪ್ಪಿಸದೆ ನುಂಗಿದಳು. ಅವಳ ತುಟಿ ಸೀಳಿದ್ದು ಕಂಡಿತು. "ಒಣಗಾಳಿಗೆ ತುಟಿ ಒಡೆದೈತೆ, ಬೆಣ್ಣೆ ಹಚ್ಕೊ" ಎಂದೆ. ಹಚ್ಚಿಕೊಂಡಳು. ಗಡಿಗೆಯ ನೀರನ್ನು ಅವಳು ಯಾಕೆ ಕುಡಿಯಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ಮರೆತಳೋ, ದಿನಾ ಬೆಳಿಗ್ಗೆ ನನ್ನ ಮುಖ ಅರಳುವುದನ್ನು ನೋಡಿ ಬೇಡವೆಂದುಕೊಂಡಳೋ.

ನಾಲ್ಕನೇ ದಿನ ಮೂರನೇ ನೀರಿನ ಸುತ್ತು ಮುಗಿಸಿ ಬಂದೆ. ವನಜ ಹೊಲಿಗೆ ಯಂತ್ರದ ಹಲಗೆಗೆ ತಲೆಯಿಟ್ಟು ಮಲಗಿದ್ದಳು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಕರೆದೆ, ಏಳಲಿಲ್ಲ. ಎತ್ತಿಕೊಂಡಾಗ ಅವಳು ಎಷ್ಟು ಹಗುರವಾಗಿದ್ದಳು ಎಂಬುದು ಮೊಟ್ಟಮೊದಲ ಬಾರಿಗೆ ನನ್ನ ತೋಳಿಗೆ ಗೊತ್ತಾಯಿತು. ಬೀದಿಯಲ್ಲಿ ಓಡುತ್ತಿದ್ದೆ. ಜನ ದಾರಿ ಬಿಟ್ಟರು. ಯಾರೋ ಅಭ್ಯಾಸಬಲದಿಂದ, "ಎಷ್ಟನೇದು?" ಎಂದು ಕೇಳಿದರು.

ಡಾಕ್ಟರು ಅವಳ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಅದು ಎದ್ದು ನಿಂತಂತೆಯೇ ನಿಂತಿತು. ಸೂಜಿ ಚುಚ್ಚಲು ನರ ಸಿಗದೆ ಎರಡೂ ಕೈ, ಕಡೆಗೆ ಪಾದವನ್ನೂ ಹುಡುಕಿದರು. ನೀರು ಹನಿಹನಿಯಾಗಿ ಇಳಿಯತೊಡಗಿದಾಗ ನನಗೆ ಧೈರ್ಯ ಬಂತು. ಒಮ್ಮೆ ಕಣ್ಣು ಬಿಟ್ಟಳು. "ಅಪ್ಪಾ, ಆ ತೋಳು ತಿರುವುಮುರುವು ಹೊಲಿದೀನಿ ಅನ್ಸುತ್ತೆ, ಬಿಚ್ಬೇಕು" ಎಂದಳು. ಬಿಚ್ಚೋಣ ಬಿಡು ಎಂದೆ. ಏನಾದರೂ ಆಗುತ್ತಿದೆಯಾ, ಎಲ್ಲಾದರೂ ನೋವಿದೆಯಾ ಎಂದು ಡಾಕ್ಟರು ಕೇಳಿದರು. ಇಲ್ಲ ಸಾರ್, ಚೆನ್ನಾಗಿದೀನಿ ಎಂದಳು. ಆ ಸೋತ ಹೃದಯ ಒಂದು ಸಲ ಒಣಗಿದ್ದನ್ನೂ ಒಂದು ಸಲ ಸುರಿದದ್ದನ್ನೂ ತಾಳಲಾರದೆ ಐದನೇ ನೀರಿನ ಹೊತ್ತಿಗೆ ನಿಂತುಹೋಯಿತು.

ಹಾಲಮ್ಮ ಅವತ್ತೇ ಸಂಜೆ ಬಸ್ಸಿಳಿದಳು. ಮದುವೆಯ ಚಿರೋಟಿ ತುಂಬಿದ ಡಬ್ಬಿ ಅವಳ ಕೈಯಲ್ಲಿತ್ತು. ಬಾಗಿಲಲ್ಲಿ ಜನರನ್ನು ಕಂಡವಳು ಯಾರನ್ನೂ ಏನೂ ಕೇಳದೆ, ಮಲಗಿಸಿದ್ದ ಮಗಳನ್ನೂ ದಾಟಿಕೊಂಡು ನೇರ ಅಡುಗೆಮನೆಗೆ ಹೋದಳು. ಗಡಿಗೆಯ ಮೇಲಿನ ತಟ್ಟೆ ಎತ್ತಿದ ಸದ್ದು ಕೇಳಿಸಿತು. ಒಳಗೆ ಹೋಗಿ ನೋಡಿದೆ. ಕತ್ತಿನ ತನಕ ತುಂಬಿದ್ದ ಗಡಿಗೆಯ ಮುಂದೆ ನಿಂತಿದ್ದಳು.

ಮೂರನೆಯ ದಿನ ಡಾಕ್ಟರು ಮನೆಗೆ ಬಂದು ಜಗಲಿಯ ಮೇಲೆ ಕೂತರು. ಗಡ್ಡ ಬೋಳಿಸಿರಲಿಲ್ಲ. "ಎರಡೇ ಕೊಟ್ಟಿರಿ ತಾನೆ?" ಎಂದರು. "ಎರಡೇ" ಎಂದೆ. "ಎರಡರಲ್ಲಿ ಎರಡು ತಿಂಗಳು ಸರಿಯಾಗಿದ್ದಳು. ಬಿಸಿಲು ಅಂದರೂ ನಾಲ್ಕೇ ದಿನಕ್ಕೆ ಇಷ್ಟು ಆಗಬಾರದಿತ್ತು. ನಾನು ಎಲ್ಲಿ ತಪ್ಪಿದೆ ಅಂತ ಹುಡುಕ್ತಾ ಇದೀನಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಆಗ ಒಳಗಿನಿಂದ ಹಾಲಮ್ಮ, "ಎರಡಲ್ಲ" ಎಂದಳು.

ಇಬ್ಬರೂ ಒಳಕ್ಕೆ ನೋಡಿದೆವು. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಕೂತಲ್ಲಿಂದಲೇ, ಎಂದಿನಿಂದ ಕೊಟ್ಟೆ, ಎಲ್ಲಿ ಕೂರಿಸಿ ಕೊಟ್ಟೆ, ಹೋಗುವಾಗ ಏನು ಹೇಳಿ ಹೋದೆ ಎಂಬುದನ್ನೆಲ್ಲ, ಬೇರೆ ಯಾರದೋ ಮನೆಯ ವಿಷಯದಂತೆ ಹೇಳಿದಳು. ಡಾಕ್ಟರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನಾನು ಅವಳನ್ನು ಬೈಯಲಿಲ್ಲ. ಬೈಯುವುದಿದ್ದರೆ ಎಲ್ಲಿಂದ ಶುರುಮಾಡಬೇಕು ಎಂಬುದೇ ತೋಚಲಿಲ್ಲ. ಅವಳು ನನಗೆ ಹೇಳಿದ್ದರೆ ವನಜ ಉಳಿಯುತ್ತಿದ್ದಳು. ಅವಳು ಕೊಡದೇ ಇದ್ದಿದ್ದರೆ ಮೂರಕ್ಕೇ ಊತ ಇಳಿಯುತ್ತಿತ್ತು, ನಾನು ಎರಡಕ್ಕೆ ಇಳಿಸುತ್ತಲೇ ಇರಲಿಲ್ಲ. ನಾನು ಒಂದು ದಿನ ಮಗಳ ತುಟಿಯನ್ನು ನೆಟ್ಟಗೆ ನೋಡಿದ್ದರೂ ಉಳಿಯುತ್ತಿದ್ದಳು. ಹೀಗೆ ಯಾವ ದಾರಿ ಹಿಡಿದು ಹೋದರೂ ಕೊನೆಯಲ್ಲಿ ವನಜ ಬದುಕಿರುತ್ತಿದ್ದಳು.

ವಿಷಯ ಊರಿಗೆಲ್ಲ ಗೊತ್ತಾಯಿತು. ಖಾಲಿ ಚೊಂಬಿನ ಸಂಗತಿಯೂ ಹೊರಬಿತ್ತು. ಪಂಪಾಪತಿ ಊರವರನ್ನು ಸೇರಿಸಿ, ಇನ್ನು ಮುಂದೆ ಯಾರಿಗೂ ಯಾವ ಕಾರಣಕ್ಕೂ ಬೇರೆ ಅಳತೆಯಿಲ್ಲ, ಮಗುವಾಗಲಿ ಮುದುಕರಾಗಲಿ ಕಾಯಿಲೆಯವರಾಗಲಿ ದಿನಕ್ಕೆ ಆರು, ನೀರಗಂಟಿ ಎದುರು ನಿಂತು ಕುಡಿಸತಕ್ಕದ್ದು ಎಂದು ತೀರ್ಮಾನ ಮಾಡಿದರು. ಅದನ್ನು ಕೇರಿಕೇರಿಯಲ್ಲಿ ಸಾರುವ ಕೆಲಸ ನನ್ನದೇ ಆಗಿತ್ತು. ಸಾರಿದೆ. ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ತಾವೇ ಕೇಳಿ ಪಡೆದರು ಎಂದು ಕೆಲವರು ಹೇಳಿದರು. ತೂಕದ ಯಂತ್ರವನ್ನು ಹಿಂದಿರುಗಿಸಲು ಹೋದಾಗ ಅವರ ಕೋಣೆಗೆ ಬೀಗ ಹಾಕಿತ್ತು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಓಬಕ್ಕ ಎಂಬವಳು ನಮ್ಮ ಬಾಗಿಲಿಗೆ ಬಂದಳು. ಅವಳ ಗಂಡ ಸಂಜೀವಯ್ಯ ನನ್ನ ಸುತ್ತಿನ ಕೊನೆಯ ಮನೆಯವನು, ಬುಟ್ಟಿ ಹೆಣೆಯುತ್ತಿದ್ದ. ಅವನ ಪಾದ ದಪ್ಪಗಾಗಿರುವುದನ್ನು ನಾನೂ ಗಮನಿಸಿದ್ದೆ, ಗಮನಿಸದವನಂತೆ ಇದ್ದೆ. ಅವಳು ಅತ್ತ ಇತ್ತ ನೋಡಿ, ದನಿ ತಗ್ಗಿಸಿ, "ನಿಮ್ಮ ಹುಡುಗಿ ಮಾಘದಲ್ಲಿ ಚೆನ್ನಾಗಾಗಿ ಬೀದೀಲೆಲ್ಲ ಓಡಾಡ್ತಿದ್ಲು, ನಾನು ಕಣ್ಣಾರೆ ನೋಡೀನಿ. ಆವಾಗ ದಿನಕ್ಕೆ ಎಷ್ಟು ಕುಡೀತಿದ್ಲು ಅಂತ ಅಷ್ಟು ಹೇಳ್ರಿ. ಯಾರಿಗೂ ಬಾಯಿ ಬಿಡಲ್ಲ" ಎಂದಳು.

ಅದು ಹಾಲಮ್ಮನಿಗಲ್ಲದೆ ಬೇರಾರಿಗೂ ತಿಳಿಯದ ಸಂಗತಿ. ಓಬಕ್ಕನನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದೆ. ಅಷ್ಟು ತಿಂಗಳಲ್ಲಿ ನಾನು ಹಾಲಮ್ಮನನ್ನು ಈ ಪ್ರಶ್ನೆ ಕೇಳಿರಲಿಲ್ಲ.

"ಆಗ ನೀನು ಎಷ್ಟು ಕೊಡ್ತಿದ್ದೆ?"

ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಾನೇನು ಅಳ್ದು ಕೊಟ್ಟೆನಾ? ಅವಳ ಮುಖ ನೋಡಿ ಕೊಡ್ತಿದ್ದೆ."

"ಅಂದಾಜು ಹೇಳು. ಒಂದು ಚೊಂಬಾ, ಅರ್ಧವಾ?"

"ಒಂದೊಂದಿನ ಒಂದು. ಒಂದೊಂದಿನ ನಾಲ್ಕು ಗುಟುಕು. ನನಗೆ ಗೊತ್ತಿಲ್ಲ."

ಬಾಗಿಲಲ್ಲಿದ್ದ ಓಬಕ್ಕನಿಗೆ ಅದು ಕೇಳಿಸಿತು. ಅವಳು ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗೆ ಬಂದು, "ಹಾಲಮ್ಮಕ್ಕ, ನೀವೊಂದು ಸಲ ಬಂದು ಅವ್ರ ಮುಖ ನೋಡಿದ್ರೆ ತಿಳೀತದೆ ಅಲ್ವ? ಒಂದೇ ಒಂದು ಸಲ" ಎಂದಳು.

ಹಾಲಮ್ಮ ಆಗ ಮೊರ ಕೆಳಗಿಟ್ಟಳು. "ಬಸ್ಸಿಗೆ ಹೋಗೋ ದಿನ ನನ್ನ ಮಗಳ ಮುಖಾನ ಎರಡೂ ಕೈಯಲ್ಲಿ ಹಿಡ್ಕೊಂಡು ನೋಡಿದೆ ಕಣವ್ವ. ಚೆನ್ನಾಗೈತೆ, ಇನ್ನೇನೂ ಭಯವಿಲ್ಲ ಅನ್ನಿಸ್ತು. ಅದಕ್ಕೇ ಹೋದೆ" ಎಂದಳು. ಮತ್ತೆ ಮೊರ ಎತ್ತಿಕೊಂಡಳು.

ಓಬಕ್ಕ ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ನನ್ನ ಮುಖ ನೋಡಿದಳು. ಮೂರು ಎನ್ನಬಹುದಿತ್ತು, ನಾಲ್ಕು ಎನ್ನಬಹುದಿತ್ತು. ಯಾವುದೋ ಒಂದು ಸಂಖ್ಯೆ ಹೇಳಿದ್ದರೂ ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದಳು.

ಆ ದಿನ ಎರಡನೇ ನೀರಿಗೆ ಅವಳ ಮನೆಗೆ ಹೋದಾಗ ಸಂಜೀವಯ್ಯ ಬಿದಿರ ಸೀಳುಗಳ ನಡುವೆ ಕೂತಿದ್ದ. ಕೊಡ ಬಗ್ಗಿಸಿ ಅವನ ಚೊಂಬನ್ನು ಅಂಚಿನ ತನಕ ತುಂಬಿದೆ. ಓಬಕ್ಕ ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಅವನು ಒಂದೇ ಉಸಿರಿಗೆ ಕುಡಿದು ಚೊಂಬನ್ನು ಬೋರಲಾಗಿಸಿ ನನಗೆ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. "ಸರೀನಾ ಅಣ್ಣಾ?" ಎಂದು ಕೇಳಿ, ಪಾದಗಳನ್ನು ಮೆಲ್ಲಗೆ ಪಂಚೆಯೊಳಗೆ ಎಳೆದುಕೊಂಡ. "ಸರಿ" ಎಂದೆ. ಕೊಡ ಎತ್ತಿ ಹೆಗಲಿಗಿಟ್ಟುಕೊಂಡು ಮಳೆಯಲ್ಲೇ ಹೊರಟೆ.